ಷರಾ ಕಾಲಮ್ಮಿನಲ್ಲಿ ಬರೆದದ್ದು

ಆ ಹುಡುಗಿಯ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೇವದುರ್ಗದಿಂದ ಅರಕೇರಾ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಹತ್ತಿ ಹೊಲಗಳ ನಡುವೆ ಅರ್ಧ ತಾಸು ನಡೆದರೆ ಸಿಗುವ ಊರು ಎಂದರೆ ಸಾಕು. ಹುಡುಗಿಯ ಹೆಸರನ್ನೂ ಬರೆಯುವುದಿಲ್ಲ. ಒಮ್ಮೆ ಬರೆದೇ ಇಷ್ಟೆಲ್ಲ ಆದದ್ದು.

ನಾನಾಗ ಗುತ್ತಿಗೆ ನೌಕರಿಗೆ ಸೇರಿ ಎರಡನೇ ವರ್ಷ. ಶಾಲೆ ಬಿಟ್ಟ ಹೆಣ್ಣುಮಕ್ಕಳು, ತಂದೆತಾಯಿ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದವರು, ಸಣ್ಣ ವಯಸ್ಸಿಗೇ ಮದುವೆ ಮಾಡಿಬಿಡುತ್ತಾರೆ ಎಂಬ ಅಂಜಿಕೆ ಇರುವವರು, ಇಂಥವರ ಯಾದಿ ಮಾಡುವುದು ನನ್ನ ಕೆಲಸ. ಮನೆಮನೆಗೆ ಹೋಗಿ ಟ್ಯಾಬಿನಲ್ಲಿ ತುಂಬಬೇಕು. ಅದಕ್ಕೂ ಮೊದಲು ಒಂದೊಂದು ಇಲಾಖೆಗೆ ಒಂದೊಂದು ಯಾದಿ ಇತ್ತು, ಒಬ್ಬರದನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಒಂದೇ ಹುಡುಗಿಯ ಮನೆಗೆ ನಾಲ್ಕು ಮಂದಿ ಹೋಗಿ ಅವೇ ಪ್ರಶ್ನೆ ಕೇಳಿ ಬರುತ್ತಿದ್ದರು, ಕಡೆಗೆ ಆಕೆಗೆ ರಕ್ತ ಹೆಚ್ಚಾಗುವ ಗುಳಿಗೆ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಇನ್ನು ಮುಂದೆ ಎಲ್ಲರೂ ಒಂದೇ ಯಾದಿ ಇಟ್ಟುಕೊಂಡು ಕೆಲಸ ಮಾಡಬೇಕು ಎಂದು ಮೇಲಿನವರು ಹೇಳಿದಾಗ ನನಗೆ ಖುಷಿಯಾಗಿತ್ತು. ಈಗಲೂ ಆ ವಿಚಾರ ತಪ್ಪು ಅನ್ನಿಸುವುದಿಲ್ಲ. ತಪ್ಪಿದ್ದು ನನ್ನ ಕೈ.

ನಾನೂ ಅಂಥದೊಂದು ಕಾಗದದಿಂದಲೇ ಮೇಲೆ ಬಂದವಳು. ರಾಯಚೂರಿನ ನಮ್ಮ ಓಣಿಯಲ್ಲಿ ಓದಿದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅವ್ವ ಅಕ್ಕಿ ಗಿರಣಿಗೆ ಕೂಲಿ ಹೋಗುತ್ತಿದ್ದಳು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಬ್ಬ ಟೀಚರು ನನ್ನ ಹೆಸರು, ನಮ್ಮ ಮನೆಯ ಪರಿಸ್ಥಿತಿ ಎರಡನ್ನೂ ಬರೆದು ಎಲ್ಲಿಗೋ ಕಳಿಸಿದರು. ಅದರಿಂದ ಹಾಸ್ಟೆಲ್ ಸಿಕ್ಕಿತು. ಹಾಸ್ಟೆಲಿನಿಂದ ಡಿಗ್ರಿ, ಡಿಗ್ರಿಯಿಂದ ಈ ನೌಕರಿ. ಬರೆದು ಕಳಿಸಿದರೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದೆ. ಬರೆದದ್ದು ಯಾರ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ.

ನಾನು ಹೋದ ದಿನ ಹುಡುಗಿ ಒಬ್ಬಳೇ ಮನೆಯಲ್ಲಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಹದಿನೈದು ವರ್ಷ. ಅಪ್ಪ ಅವ್ವ ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಈಕೆ ಒಂಬತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟು, ಆಯಿ ಎಂದು ಕರೆಯುವ ಅಜ್ಜಿಯ ಜೊತೆ ಉಳಿದಿದ್ದಳು. ಆಯಿ ಹತ್ತಿ ಬಿಡಿಸಲು ಹೋಗಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಪ್ರಶ್ನೆ ಕೇಳಿದೆ. ಆಧಾರ್ ಇದೆಯೇ, ಬ್ಯಾಂಕ್ ಖಾತೆ ಇದೆಯೇ, ಶೌಚಾಲಯ ಇದೆಯೇ, ಮುಟ್ಟಾದಾಗ ಏನು ಬಳಸುತ್ತಿ. ಎಲ್ಲಕ್ಕೂ ಹಂಚಿನ ಕಡೆ ನೋಡುತ್ತಲೇ ಉತ್ತರ ಕೊಟ್ಟಳು. ಮುಗಿಯಿತು. ಟ್ಯಾಬ್ ಮುಚ್ಚಿ ಚೀಲದಲ್ಲಿಟ್ಟೆ. ಕುಡಿಯಲು ನೀರು ಕೇಳಿದೆ.

ನೀರು ಕೊಟ್ಟು ಅವಳು ನನ್ನ ಎದುರಿಗೆ ಕೂತಳು. ಟ್ಯಾಬ್ ಮುಚ್ಚಿದ ಮೇಲೆ ಮಾತಾಡಿದಳು ಎನ್ನುವುದನ್ನು ನಾನು ಎಂದೂ ಮರೆತಿಲ್ಲ. ಸರಕಾರಿ ಕೆಲಸ ಮುಗಿಯಿತು, ಇನ್ನು ಅಕ್ಕ ತಂಗಿ ಮಾತು ಎಂದು ತಿಳಿದಿದ್ದಳು.

ಹಿಂದಿನ ವರ್ಷ ಅವಳ ಗೆಳತಿಗೆ ಮದುವೆ ಗೊತ್ತಾಗಿತ್ತಂತೆ. ಗೆಳತಿಯ ಅಪ್ಪ ಪಂಚಾಯಿತಿ ಸದಸ್ಯ, ಊರಲ್ಲಿ ಮಾತು ನಡೆಯುವ ಮನುಷ್ಯ. ಗೆಳತಿ ಇವಳ ಹತ್ತಿರ ಬಂದು ಅತ್ತು, ಹೆಂಗಾದರೂ ಮಾಡಿ ನಿಲ್ಲಿಸು ಎಂದು ಕೈ ಹಿಡಿದಳಂತೆ. ಇವಳು ಆಯಿಯ ಫೋನು ತೆಗೆದುಕೊಂಡು ಬಹಿರ್ದೆಸೆಗೆ ಹೋಗುವ ನೆಪದಲ್ಲಿ ಹಳ್ಳದ ಕಡೆ ಹೋಗಿ, ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದಳು. ಅರಿಷಿಣ ಹಚ್ಚುವ ದಿನ ಅಧಿಕಾರಿಗಳು ಬಂದು ಮದುವೆ ನಿಲ್ಲಿಸಿದರು. ಫೋನ್ ಮಾಡಿದ್ದು ಯಾರು ಎಂದು ಊರೆಲ್ಲ ಹುಡುಕಿತು, ಗೊತ್ತಾಗಲಿಲ್ಲ.

"ಆಯಿಗೂ ಗೊತ್ತಿಲ್ರೀ ಅಕ್ಕಾರ. ಈಗ ನನ್ನ ಲಗ್ನದ ಮಾತು ನಡದಾವ. ತೆಲಂಗಾಣದ ಕಡೆ ನಮ್ಮ ಸೋದರಮಾವ ಅದಾನ. ಹಬ್ಬಕ್ಕ ಅಪ್ಪ ಬಂದ್ರ ಮುಗೀತು," ಎಂದಳು. ಆಮೇಲೆ ಸ್ವಲ್ಪ ನಕ್ಕು, "ನನ್ನ ಸಲವಾಗಿ ಯಾರು ಫೋನ್ ಮಾಡ್ತಾರ?" ಎಂದು ಕೇಳಿದಳು.

ನಾನು ಮಾಡುತ್ತೇನೆ ಎಂದೆ. ಮಾನ್ವಿಯಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ ಇದೆ, ಅಲ್ಲಿ ಸೀಟು ಕೊಡಿಸುತ್ತೇನೆ, ಹತ್ತನೇ ತರಗತಿ ಮುಗಿಸು ಎಂದೆ. ಇದನ್ನು ಯಾರ ಮುಂದೂ ಹೇಳಬ್ಯಾಡ್ರಿ ಎಂದು ಅವಳು ಎರಡು ಸಲ ಹೇಳಿದಳು. ಎರಡೂ ಸಲ ಇಲ್ಲ ಎಂದೆ.

ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕೆಳಗೆ ನಿಂತು ಟ್ಯಾಬ್ ಮತ್ತೆ ತೆಗೆದೆ. ನಮ್ಮ ನಮೂನೆಯ ಕೊನೆಗೆ ಷರಾ ಎಂಬ ಕಾಲಂ ಇತ್ತು, ಬೇರೆ ಕಾಲಮ್ಮುಗಳಲ್ಲಿ ಹಿಡಿಸದ್ದನ್ನು ಬರೆಯಲು. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಿದ್ದರು. ನಾನು ಬರೆದೆ: "ಧೈರ್ಯಶಾಲಿ ಹುಡುಗಿ. ಕಳೆದ ವರ್ಷ ಇದೇ ಗ್ರಾಮದಲ್ಲಿ ಗೆಳತಿಯ ಬಾಲ್ಯವಿವಾಹ ತಡೆಯಲು ಸಹಾಯವಾಣಿಗೆ ಕರೆ ಮಾಡಿದವಳು. ಈಗ ಈಕೆಗೇ ಮದುವೆ ನಿಶ್ಚಯವಾಗುತ್ತಿದೆ. ತುರ್ತಾಗಿ ಸೀಟು ಕೊಡುವುದು."

ಅವಳ ಒಳ್ಳೆಯದಕ್ಕೇ ಬರೆದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಖರೆ ಅಲ್ಲ. ಹಿಂದಿನ ಮೀಟಿಂಗಿನಲ್ಲಿ ನಮ್ಮ ಸಾಹೇಬರು ಎಲ್ಲರ ಎದುರಿಗೆ ನನ್ನ ಷರಾಗಳನ್ನು ಹೊಗಳಿದ್ದರು. ಆ ವಾಕ್ಯ ಬರೆಯುವಾಗ, ಅದನ್ನು ಓದುವ ಅವರ ಮುಖ ನನ್ನ ಕಣ್ಣ ಮುಂದಿತ್ತು.

ಬರೆದದ್ದರಿಂದ ಕೆಲಸವೂ ಆಯಿತು. ರಾಯಚೂರಿನ ಮೀಟಿಂಗಿನಲ್ಲಿ ಸಾಹೇಬರು ಅದನ್ನು ಓದಿ, ಮೊದಲ ಸೀಟು ಈ ಹುಡುಗಿಗೆ ಎಂದು ಗುರುತು ಹಾಕಿದರು. ನನಗೆ ಕುರ್ಚಿಯ ಮೇಲೆ ಕೂರಲಾಗದಷ್ಟು ಸಂತೋಷ. ಆಯ್ಕೆಯಾದ ಹುಡುಗಿಯರ ಟಿಸಿ, ಆಧಾರ್, ಜಾತಿ ಪ್ರಮಾಣಪತ್ರ ಎರಡು ದಿನದಲ್ಲಿ ಬೇಕು, ಆಯಾ ಊರಿನವರಿಗೆ ಯಾದಿ ಕಳಿಸಿರಿ ಎಂದರು. ಶನಿವಾರ ಮಧ್ಯಾಹ್ನ ನಾಲ್ಕು ದಾಟಿತ್ತು. ದೇವದುರ್ಗದ ಬಸ್ಸು ಹಿಡಿಯುವ ಅವಸರ. ಆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹೆಡ್ಮಾಸ್ತರರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಎಲ್ಲ ಇದ್ದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾದಿಯನ್ನು ಇದ್ದಂತೆಯೇ ಅಲ್ಲಿ ಹಾಕಿದೆ.

ಕೊನೆಯ ಕಾಲಂ ತೆಗೆಯಬೇಕು ಎಂದು ಒಂದು ಸಲ ಅನ್ನಿಸಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಫೋನಿನಲ್ಲಿ ತೆರೆದರೆ ಎಡಗಡೆಯ ಹೆಸರುಗಳಷ್ಟೇ ಕಾಣುತ್ತಿದ್ದವು. ಬೆರಳಿನಿಂದ ಅಷ್ಟು ದೂರ ಬಲಕ್ಕೆ ಸರಿಸಿ ಯಾರು ನೋಡುತ್ತಾರೆ ಎಂದುಕೊಂಡೆ.

ಬಸ್ಸು ಗಬ್ಬೂರು ದಾಟುವಾಗ ಅಂಗನವಾಡಿ ಟೀಚರಿನ ಫೋನ್ ಬಂತು. "ಅದೇನ್ ಬರದೀರಿ ಮೇಡಂ? ಅದನ್ನ ಮೊದಲ ತಗೀರಿ," ಎಂದರು. ಎಲ್ಲರ ಫೋನಿನಿಂದಲೂ ಅಳಿಸುವ ಗುಂಡಿ ಒತ್ತಿದೆ. ಅಳಿಸಲಾಗಿದೆ ಎಂದು ತೋರಿಸಿತು. ಅಷ್ಟರಲ್ಲಿ ಗೆಳತಿಯ ಅಪ್ಪ ಅದನ್ನು ಓದಿ, ಫೋಟೋ ತೆಗೆದಿಟ್ಟುಕೊಂಡಾಗಿತ್ತು. ಮೇಲಿನಿಂದ ಬಂದ ಯಾದಿಯನ್ನು ನಾನು ಕಳಿಸಿದ್ದೇನಷ್ಟೇ ಎಂದು ಊರು ತಿಳಿಯಿತು, ಆ ಸಂಗತಿಯನ್ನು ಸರಕಾರಕ್ಕೆ ಹೇಳಿದ್ದು ಯಾರು ಎಂಬುದು ಮಾತ್ರ ಗೊತ್ತಾಗಲಿಲ್ಲ.

ನಾನು ಮರುದಿನವೇ ಆ ಊರಿಗೆ ಹೋಗಬೇಕಾಗಿತ್ತು. ಎಂಟು ದಿನ ಹೋಗಲಿಲ್ಲ. ಬೇರೆ ಊರುಗಳ ಸರ್ವೆ ಎಂದು ಡೈರಿಯಲ್ಲಿ ತೋರಿಸಿದೆ. ಆ ಎಂಟು ದಿನದಲ್ಲಿ ಏನಾಯಿತು ಎಂಬುದನ್ನು ಆಮೇಲೆ ಬೇರೆಯವರಿಂದ ಕೇಳಿದೆ. ಗೆಳತಿಯ ಅವ್ವ ಇವರ ಮನೆಯ ಮುಂದೆ ನಿಂತು ಮಂದಿ ಸೇರಿಸಿದಳು. ಗೆಳತಿಯನ್ನೂ ಕರೆತಂದಿದ್ದಳು. ನೀನು ಹೇಳಿ ಮಾಡಿಸಿದ್ಯಾ ಎಂದು ಅವಳ ಅಪ್ಪ ಕೇಳಿದಾಗ ಗೆಳತಿ, ನನಗೇನೂ ಗೊತ್ತಿಲ್ಲ, ಹೊಟ್ಟೆಕಿಚ್ಚಿಗೆ ಮಾಡ್ಯಾಳ ಎಂದಳಂತೆ. ನಮ್ಮ ಹುಡುಗಿ ಎದುರು ಮಾತಾಡಲಿಲ್ಲವಂತೆ. ನಳದ ಹತ್ತಿರ ಹೆಂಗಸರು ಅವಳ ಕೊಡ ಬದಿಗೆ ಸರಿಸಿದರು. ಹತ್ತಿ ಬಿಡಿಸಲು ಹೋಗುವ ಗುಂಪಿನವರು ಮುಂಜಾನೆ ಆಯಿಯನ್ನು ಕೂಗುವುದು ಬಿಟ್ಟರು. ಎಪ್ಪತ್ತರ ಹತ್ತಿರದ ಮುದುಕಿ, ಕೆಲಸ ಹುಡುಕಿಕೊಂಡು ಪಕ್ಕದ ಊರಿನ ಹೊಲಗಳಿಗೆ ಒಬ್ಬಳೇ ನಡೆದು ಹೋಗತೊಡಗಿದಳು.

ಇನ್ನೊಂದೂ ಆಯಿತು. ಸುದ್ದಿ ತೆಲಂಗಾಣಕ್ಕೆ ಮುಟ್ಟಿ, ಪೊಲೀಸರನ್ನು ಕರೆಸುವ ಹುಡುಗಿ ನಮಗೆ ಬೇಡ ಎಂದು ಸೋದರಮಾವನ ಕಡೆಯವರು ಹಿಂದೆ ಸರಿದರು. ಇದು ಕಿವಿಗೆ ಬಿದ್ದಾಗ ನನಗೆ ಎದೆ ಹಗುರಾಯಿತು. ನೋಡು, ಹೆಂಗೋ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಹೋದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದಳು.

"ಯಾರು ಹೇಳ್ಯಾರ ಯವ್ವಾ ಇದನ್ನ? ನನಗಾ ಗೊತ್ತಿದ್ದಿಲ್ಲ. ಸರಕಾರಕ್ಕ ಹೆಂಗ ಗೊತ್ತಾತು?"

ಹುಡುಗಿ ಒಳಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಅಲ್ಲಾಡುವುದು ನಿಂತಿತು. ನಾನು, "ಗೊತ್ತಿಲ್ಲ ಆಯಿ. ಕಂಪ್ಯೂಟರಿನ್ಯಾಗ ಹೆಂಗ ಬಂತೋ ಏನೋ," ಎಂದೆ.

ಮೊರ ಮತ್ತೆ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಟಿಸಿ, ಆಧಾರ್, ಎರಡು ಫೋಟೋ ನನ್ನ ಕೈಗಿಟ್ಟಳು. ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು. ತೋರಿಸಿದೆ. ಹಾಕಿದಳು.

ಅವಳನ್ನು ಮಾನ್ವಿಗೆ ಸೇರಿಸಲು ನಾನೇ ಕರೆದುಕೊಂಡು ಹೋದೆ. ಅಪ್ಪ ಬೆಂಗಳೂರಿನಿಂದ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದ. ಊರಲ್ಲಿ ಇಟ್ಟುಕೊಂಡರೆ ಕಷ್ಟ ಎಂದು ಅವನಿಗೂ ಅನ್ನಿಸಿತ್ತು. ಸಿರವಾರದಲ್ಲಿ ಬಸ್ಸು ಬದಲಿಸುವಾಗ ಒಂದು ಪೊಟ್ಟಣ ಮಿರ್ಚಿ ಭಜಿ ಕೊಡಿಸಿದೆ. ತಿಂದಳು. ದಾರಿಯುದ್ದಕ್ಕೂ ನಾನು ಶಾಲೆಯ ಬಗ್ಗೆ, ಊಟದ ಬಗ್ಗೆ, ಸಮವಸ್ತ್ರದ ಬಗ್ಗೆ ಮಾತಾಡಿದೆ. ಹೇಳಬೇಕಾದದ್ದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.

ಎರಡು ವರ್ಷ ಕಳೆಯಿತು. ನನ್ನನ್ನು ಮಾನ್ವಿ ತಾಲೂಕಿಗೆ ಹಾಕಿದರು. ಕುರ್ಡಿ, ಹಿರೇಕೊಟ್ನೆಕಲ್ ಕಡೆಯ ಊರುಗಳು ನನ್ನ ಪಾಲಿಗೆ ಬಂದವು. ಹುಡುಗಿ ಹತ್ತನೇ ತರಗತಿ ಪಾಸಾಗಿ, ಅಲ್ಲೇ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಅವಳಿರುವ ಊರಿನಲ್ಲೇ ಇದ್ದೂ ಆರು ತಿಂಗಳು ಅವಳನ್ನು ನೋಡಲು ಹೋಗಲಿಲ್ಲ. ಕಡೆಗೆ ಹೋದದ್ದೂ ನನ್ನ ಮನಸ್ಸಿನಿಂದಲ್ಲ. ಯೋಜನೆಯಿಂದ ಉದ್ಧಾರವಾದ ಹುಡುಗಿಯರ ಕಥೆಗಳನ್ನು ಸೇರಿಸಿ ಒಂದು ಪುಸ್ತಿಕೆ ಮಾಡುತ್ತಿದ್ದರು. ಸಾಹೇಬರಿಗೆ ಇವಳು ನೆನಪಿದ್ದಳು. ಫೋಟೋ ತೆಗೆದುಕೊಂಡು ಒಂದು ಪುಟ ಬರೆದುಕೊಡು, ನೀನೇ ಕಂಡುಹಿಡಿದ ಹುಡುಗಿ ಅಲ್ಲವೇ ಎಂದರು.

ಭಾನುವಾರ ಮುಂಜಾನೆ ಹಾಸ್ಟೆಲಿಗೆ ಹೋದೆ. ಹುಡುಗಿಯರು ಬಟ್ಟೆ ಒಗೆದು ಹರವುತ್ತಿದ್ದರು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಎತ್ತರವಾಗಿದ್ದಳು, ಕನ್ನಡಕ ಬಂದಿತ್ತು. ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತೆವು. ಪುಸ್ತಿಕೆಯ ವಿಷಯ ಹೇಳಿದೆ.

"ಅದರಾಗ ಫೋನಿಂದು ಬರ್ತದೇನ್ರಿ?" ಎಂದು ಕೇಳಿದಳು.

ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬದಲಿಗೆ ಖರೆಯನ್ನೇ ಹೇಳಿಬಿಟ್ಟೆ. "ಆವತ್ತು ಅದನ್ನ ಬರದಾಕಿ ನಾನಾ. ಗುಂಪಿನ್ಯಾಗ ಹಾಕಿದಾಕಿನೂ ನಾನಾ. ನಿಮ್ಮ ಆಯಿ ಮುಂದ ಸುಳ್ಳು ಹೇಳೀನಿ."

"ಗೊತ್ತದರೀ," ಎಂದಳು.

ಯಾವಾಗಿನಿಂದ ಎಂದು ಕೇಳಿದೆ.

"ಮೊದಲಿಂದಾನೂ. ನಿಮ್ಮನ್ನ ಬಿಟ್ಟು ನಾ ಯಾರಿಗೂ ಹೇಳಿದ್ದಿಲ್ಲಲ್ರೀ."

ಇಷ್ಟು ಸರಳವಾದದ್ದು ಎರಡು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯಲು ನಾನೇ ಬಿಟ್ಟಿರಲಿಲ್ಲವೋ ಏನೋ. ಹಾಗಾದರೆ ಆವತ್ತು ಆಯಿ ಕೇಳುವಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಹೇಳಿದ್ರ ಆಯಿ ನಿಮ್ಮನ್ನ ಒಳಗ ಬಿಡ್ತಿದ್ದಿಲ್ಲ. ಸೀಟು ನಿಮ್ಮ ಕೈಯಾಗಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಹಿಂದೆ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಹಾಗೆಯೇ ಹೇಳಿದಳು. ಹದಿನೈದು ವರ್ಷದ ಹುಡುಗಿ, ತನ್ನ ಗುಟ್ಟು ಹೊರಗೆ ಹಾಕಿದವಳ ಮುಖ ನೋಡುತ್ತ, ಸಹಿ ಎಲ್ಲಿ ಹಾಕಲಿ ಎಂದು ಕೇಳಿದ್ದಳು. ಬೈಯುವಷ್ಟು ಅನುಕೂಲವೂ ಅವಳಿಗಿರಲಿಲ್ಲ.

ಅಲ್ಲಿ ಏನು ಬರೆದಿದ್ದಿರಿ ಎಂದು ಅವಳೇ ಕೇಳಿದಳು. ಅದನ್ನು ಅವಳು ಎಂದೂ ಕಣ್ಣಾರೆ ನೋಡಿರಲಿಲ್ಲ. ಊರವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದರಂತೆ. ನನಗೆ ಬಾಯಿಪಾಠವಾಗಿತ್ತು. ಹೇಳಿದೆ.

"ಧೈರ್ಯಶಾಲಿ ಅಂತ ಬರದಿದ್ರಿ?"

ಹೌದು ಎಂದೆ.

"ಅದನ್ನ ಊರಾಗ ಯಾರೂ ಹೇಳಲಿಲ್ಲ ನೋಡ್ರಿ," ಎಂದು ಹೇಳಿ, ಕನ್ನಡಕ ತೆಗೆದು ಓಢಣಿಯಲ್ಲಿ ಒರೆಸಿದಳು.

ಗೆಳತಿಯ ಬಗ್ಗೆ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವಳೇ ಹೇಳಿದಳು. ಹದಿನೆಂಟು ತುಂಬಿದ ತಿಂಗಳೇ ಗೆಳತಿಯ ಮದುವೆಯಾಯಿತು. ದೀಪಾವಳಿ ರಜೆಗೆ ಊರಿಗೆ ಹೋದಾಗ ದೇವದುರ್ಗ ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿದ್ದಳಂತೆ. ಇವಳನ್ನು ನೋಡಿ ಮುಖ ತಿರುವಿಕೊಂಡಳಂತೆ. "ಅಕಿ ತಪ್ಪಿಲ್ಲ. ಅವರಪ್ಪನ ಮುಂದ ಅಕಿ ಏನಂತಾಳ?" ಎಂದಳು.

ಏಳುವಾಗ ಎರಡು ಮಾತು ಹೇಳಿದಳು. ಫೋಟೋ ಬೇಡ, ಕಥೆಯೂ ಬೇಡ. ಆಯಿಗೆ ನಾನು ಹೇಳುವುದಿಲ್ಲ, ನೀವೇ ಹೋಗಿ ಹೇಳಿ.

ಸೋಮವಾರ ಸಾಹೇಬರ ಎದುರಿಗೆ ಹೋಗಿ, ಹುಡುಗಿ ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನೌಕರಿ ಹೋದರೆ ಹೋಗಲಿ ಎಂದುಕೊಂಡೇ ಹೋಗಿದ್ದೆ. ಅವರು ಕೇಳಿಸಿಕೊಂಡು, ಆಗಿದ್ದು ಆಗಿಹೋಯಿತು, ಹುಡುಗಿ ಓದುತ್ತಿದ್ದಾಳಲ್ಲ ಎಂದರು. ನನಗೆ ಶಿಕ್ಷೆ ಬೇಕಾಗಿತ್ತು. ಯಾರೂ ಕೊಡಲಿಲ್ಲ. ಊರುಗಳಿಗೆ ಹೋಗುವ ಯಾದಿಯಲ್ಲಿ ಷರಾ ಇರಬಾರದು ಎಂದು ಒಂದು ಅರ್ಜಿ ಬರೆದುಕೊಟ್ಟೆ. ಕೆಲವು ತಿಂಗಳ ಮೇಲೆ ಅದು ಜಾರಿಗೆ ಬಂತು.

ಮುಂದಿನ ವಾರ ಆಯಿಯ ಹತ್ತಿರ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ, ಕೂರಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ.

"ನಾ ಅಂಗನವಾಡಿ ಟೀಚರ್ ಕೂಡ ಎರಡು ವರ್ಷದಿಂದ ಮಾತಾಡಿಲ್ಲ ಬೇ. ಅಕಿನಾ ಹೇಳ್ಯಾಳ ಅಂತ ಮಾಡಿದ್ದೆ. ಒಂದ ಓಣ್ಯಾಗ ಇದ್ದು, ಅಕಿ ಗಂಡ ಸತ್ತಾಗೂ ಹೋಗಲಿಲ್ಲ."

ಚಪ್ಪಲಿ ಮೆಟ್ಟಿಕೊಂಡಳು. "ನಡಿ. ಅಕಿ ಮುಂದ ಹೇಳು," ಎಂದಳು.

ಅಂಗನವಾಡಿಯಲ್ಲಿ ಮಕ್ಕಳ ಊಟದ ಹೊತ್ತು. ಟೀಚರು ಸೌಟು ಹಿಡಿದುಕೊಂಡೇ ಕೇಳಿಸಿಕೊಂಡರು. ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಅಂದು ನನಗೆ ಫೋನ್ ಮಾಡಿದವರೇ ಅವರು. ಊರು ತಮ್ಮ ಮೇಲೆ ಸಂಶಯ ಪಟ್ಟರೂ ನನ್ನ ಹೆಸರು ಹೇಳಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅವರ ಹಾಜರಿಗೂ ವರದಿಗೂ ಆಗ ನಾನೇ ಸಹಿ ಮಾಡುತ್ತಿದ್ದೆ. ಅವರು ಆಯಿಗಷ್ಟೇ, "ಬರ್ರಿ, ಕುಂದರ್ರಿ," ಎಂದು ಚಾಪೆ ಹಾಸಿದರು. ಇಬ್ಬರೂ ಗಂಡಂದಿರ ಬಗ್ಗೆ, ಮೊಣಕಾಲಿನ ಬಗ್ಗೆ ಮಾತಾಡತೊಡಗಿದರು. ನಾನು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದು, ಬಸ್ಸಿನ ದಾರಿ ಹಿಡಿದೆ.

ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ. ಷರಾದಲ್ಲಿ ಬರೆದದ್ದನ್ನು ಆಯಾ ಹುಡುಗಿಗೆ ಗಟ್ಟಿಯಾಗಿ ಓದಿ ಹೇಳಿ, ಇದು ಯಾರ ಯಾರಿಗೆ ಹೋಗುತ್ತದೆ ಎಂದೂ ಹೇಳಿ, ಅವಳು ಹೂಂ ಅಂದರಷ್ಟೇ ಇಡುತ್ತೇನೆ. ಕೆಲವರು ಬೇಡ ಅನ್ನುತ್ತಾರೆ, ಖಾಲಿ ಬಿಡುತ್ತೇನೆ. ಖಾಲಿ ಬಿಟ್ಟ ಸಾಲು ಯಾದಿಯಲ್ಲಿ ಕೆಳಗಿಳಿಯುತ್ತದೆ ಎಂದು ನನಗೆ ಗೊತ್ತು. ಹೋದ ತಿಂಗಳು ಹಿರೇಕೊಟ್ನೆಕಲ್ಲಿನಲ್ಲಿ ಒಬ್ಬ ಹುಡುಗಿ ತನ್ನ ಮನೆಯ ಸಂಗತಿಯೊಂದನ್ನು ಹೇಳಿ, ಬರೆಯಬೇಡಿ ಎಂದಳು. ಬರೆಯಲಿಲ್ಲ. ಅವಳಿಗೆ ಇನ್ನೂ ಸೀಟು ಬಂದಿಲ್ಲ. ಕಾರಣ ಹೇಳದೆ, ಇವಳನ್ನು ಮೊದಲು ತೆಗೆದುಕೊಳ್ಳಿ ಎಂದು ಹಾಸ್ಟೆಲಿನ ವಾರ್ಡನ್ನಿಗೆ ಮೂರು ಸಲ ಹೇಳಿದ್ದೇನೆ. ಕಾರಣ ಏನು ಎಂದು ಅವರು ಮೂರು ಸಲವೂ ಕೇಳಿದ್ದಾರೆ.